ದೃಷ್ಟಿಗೊಂಬೆ ಇಳಿಸಿದ ಮೇಲೆ

ಸಾಗರ
೧೯ ನವೆಂಬರ್ ೨೦೨೫, ಬುಧವಾರ

ಇವರಿಗೆ,

ಅಮಿತಾಳ ನಮಸ್ಕಾರ. ಎಲ್ಲಿದ್ದೀರೋ ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಆಗುತ್ತಿರಲಿ. ಎಡ ಮೊಣಕಾಲಿನ ನೋವು ಹೇಗಿದೆ? ಚಳಿ ಬಿದ್ದರೆ ನಿಮಗೆ ಅದು ಜಾಸ್ತಿ. ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುವುದನ್ನು ಬಿಟ್ಟಿಲ್ಲ ಎಂದುಕೊಂಡಿದ್ದೇನೆ. ಅತ್ತೆಗೆ ಎಂಬತ್ತಾಯಿತು. ಬಿಪಿ ಹತೋಟಿಯಲ್ಲಿದೆ, ಕಿವಿ ಮಂದವಾಗಿದೆ, ನಾಲಿಗೆ ಮಾತ್ರ ಮೊದಲಿನ ಹಾಗೆಯೇ. ಮೆಟ್ಟಿಲು ಹತ್ತಲು ಆಗುವುದಿಲ್ಲವೆಂದು ಅವರ ಮಂಚವನ್ನು ಅಂಗಡಿಯ ಹಿಂದಿನ ಕೋಣೆಗೆ ಇಳಿಸಿಕೊಂಡಿದ್ದೇನೆ. ನನ್ನ ಪುಸ್ತಕದಂಗಡಿ ನಡೆಯುತ್ತಿದೆ. ಮಕ್ಕಳು ಈಗ ನೋಟ್‌ಬುಕ್ಕಿಗಿಂತ ಜೆರಾಕ್ಸ್‌ಗೇ ಹೆಚ್ಚು ಬರುತ್ತವೆ.

ನೀವು ಹೋದ ಮೇಲೆ ಪೇಟೆ ಬದಲಾಗಿದೆ. ಸಿಗಂದೂರಿನ ಸೇತುವೆ ಜುಲೈ ತಿಂಗಳಲ್ಲಿ ಉದ್ಘಾಟನೆಯಾಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತ ಕಾರುಗಳು ಸಾಲುಗಟ್ಟುವುದು ನಿಂತಿದೆ. ಪ್ರವಾಸಿಗಳು ಹೆಚ್ಚಾಗುತ್ತಾರೆ, ಉಳಿಯಲು ಜಾಗ ಬೇಕು ಎಂದು ಪೇಟೆಯಲ್ಲಿ ಖಾಲಿ ಬಿದ್ದ ಕಟ್ಟಡಗಳನ್ನೆಲ್ಲ ಬಿಲ್ಡರುಗಳು ಬಂದು ನೋಡಿ ಹೋಗುತ್ತಿದ್ದಾರೆ. ಮಾವನವರ ಲಾಡ್ಜನ್ನೂ ನೋಡಿದರು. ಅದರ ಸ್ಥಿತಿ ನಿಮಗೆ ಗೊತ್ತಿಲ್ಲ: ಮಹಡಿಯ ಹೆಂಚು ಜಾರಿ ಫುಟ್‌ಪಾತಿಗೆ ಬೀಳುತ್ತದೆ, ಗೋಡೆಯಲ್ಲಿ ಅಶ್ವತ್ಥದ ಗಿಡ ಆಳುದ್ದ ಬೆಳೆದಿದೆ, ನಗರಸಭೆಯಿಂದ ಎರಡು ಸಲ ನೋಟಿಸು ಬಂದಿದೆ. ಮುಂಭಾಗದ ಲಾಡ್ಜು ನಿಮಗೆ, ಹಿಂದಿನ ಖಾಲಿ ಜಾಗ ಶ್ರೀನಾಥನಿಗೆ ಎಂದು ಮಾವ ಬರೆದಿಟ್ಟಿದ್ದರಲ್ಲ, ಶ್ರೀನಾಥ ತನ್ನ ಪಾಲಿನಲ್ಲಿ ಕಟ್ಟಲು ಶುರು ಮಾಡಿಸಿದ. ಮೂರು ಮಹಡಿ ಎದ್ದಿದೆ. ರಸ್ತೆಗೆ ಮುಖವಿಲ್ಲದ ಜಾಗಕ್ಕೆ ಅಷ್ಟೇ ಪರವಾನಗಿ. ಮುಂಭಾಗವೂ ಸೇರಿದರೆ ಆರು ಮಹಡಿ, ಕೆಳಗೆ ಪಾರ್ಕಿಂಗ್, ಲಿಫ್ಟು. "ಶಿವಮೊಗ್ಗಕ್ಕೆ ಮಾತ್ರ ಆಕಾಶ ಇದ್ದಾ ಅತ್ತಿಗೆ? ಸಾಗರಕ್ಕೂ ಇದ್ದಲೆ," ಎಂದು ನಿಮ್ಮ ತಮ್ಮ ನಗುತ್ತಾನೆ. ಆದರೆ ಮುಂಭಾಗ ಕೆಡವಲು ನಿಮ್ಮ ಸಹಿ ಬೇಕು. ನೀವಿಲ್ಲ.

ಏಳು ವರ್ಷ ಸುದ್ದಿಯಿಲ್ಲದವರನ್ನು ತೀರಿಕೊಂಡವರೆಂದು ಕೋರ್ಟು ಘೋಷಿಸಬಹುದು. ನೀವು ಹೋಗಿ ಒಂಬತ್ತಾಯಿತು. ದಾವೆ ಹಾಕಿದ್ದು ನಾನೇ, ಬಚ್ಚಿಡುವುದಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಅತ್ತೆಗೆ ಲಿಫ್ಟಿರುವ ಮನೆ, ನನಗೆ ಕೆಳಗೆ ಒಂದು ಅಂಗಡಿ, ಹೆಂಚು ಯಾರ ತಲೆಯ ಮೇಲೂ ಬೀಳದ ಸಮಾಧಾನ, ಇವಿಷ್ಟೇ ಮನಸ್ಸಿನಲ್ಲಿದ್ದದ್ದು. ತೀರ್ಪು ಬಂದ ಮೇಲೆ ಪಲಾಶದ ಎಲೆ ಮತ್ತು ದರ್ಭೆಯಲ್ಲಿ ನಿಮ್ಮ ಆಕೃತಿ ಮಾಡಿ ದಹನ ಮಾಡಬೇಕು, ಆಮೇಲೆ ಹನ್ನೆರಡು ದಿನದ ಕರ್ಮ ಎಂದು ಭಟ್ಟರು ಹೇಳಿದರು. ತಲೆಯಾಡಿಸಿದೆ. ಮನೆಗೆ ಬಂದು ಕುಂಕುಮದ ಭರಣಿ ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ.

ನಿಮ್ಮ ಬಟ್ಟೆಗಳದ್ದೂ ಇದೇ ಕಥೆ. ಸತ್ತವರ ಬಟ್ಟೆಯನ್ನು ದಾನ ಕೊಡಬಹುದು, ಬದುಕಿರುವವರದ್ದನ್ನು ಹಳೆಯದಾಯಿತೆಂದು ಯಾರಿಗಾದರೂ ಕೊಡಬಹುದು. ಕಾಣೆಯಾದವರದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಯಾರಿಗೆ ಕೊಡಲು ಹೋದರೂ "ಇರ್ಲಿ ಬಿಡಿ ಅಕ್ಕ, ಅವ್ರು ಬಂದ್ರೆ ಬೇಕಾಗತ್ತೆ," ಎಂದು ಹಿಂದೆ ಸರಿದರು. ಹಾಗಿರುವಾಗ ಸೆಪ್ಟೆಂಬರಿನಲ್ಲಿ ವಾಸಪ್ಪ ಬಂದ. ಬಿಲ್ಡರ್ ಕಡೆಯ ಮೇಸ್ತ್ರಿ, ಹೊಸನಗರದ ಕಡೆಯವನು, ಈ ಊರಿಗೆ ಹೊಸಬ, ನಿಮ್ಮನ್ನು ಕಂಡವನಲ್ಲ. ಮೂರನೇ ಮಹಡಿಯ ತಾರಸಿ ಹಾಕುವ ಮೊದಲು ದೃಷ್ಟಿಗೊಂಬೆ ನಿಲ್ಲಿಸಬೇಕು, ಹಳೇ ಅಂಗಿ ಪ್ಯಾಂಟು ಇದ್ದರೆ ಕೊಡಿ ಎಂದ. ನಿಮ್ಮ ನೀಲಿ ಚೌಕಳಿ ಅಂಗಿ, ಕಂದು ಪ್ಯಾಂಟು ಕೊಟ್ಟೆ. ಹುಲ್ಲು ತುಂಬಿ, ತಲೆಗೆ ಮಡಕೆ ಕವುಚಿ, ಸುಣ್ಣದಲ್ಲಿ ಕಣ್ಣು ಮೀಸೆ ಬರೆದು ಮೇಲೆ ಕಟ್ಟಿದರು. ರಸ್ತೆಯ ಈಚೆ ನನ್ನ ಅಂಗಡಿಯಲ್ಲಿ ಕೂತರೆ ಲಾಡ್ಜಿನ ಹೆಂಚಿನ ಮೇಲ್ಗಡೆ ಅದು ಸರಿಯಾಗಿ ಕಾಣುತ್ತಿತ್ತು.

ಮೊದಮೊದಲು ಎಲ್ಲ ತಮಾಷೆಯೇ. ಬಾಳೆಹಣ್ಣಿನ ಬೆಳ್ಳಪ್ಪ ಓಡಿ ಬಂದು, "ಅಕ್ಕಾ, ಯಜಮಾನ್ರು ಬಂದ್ರಾ? ಒಂದ್ ಮಾತು ಹೇಳ್ಬಾರ್ದಾ? ಮೇಲೆ ನಿಂತವ್ರೆ!" ಎಂದ. ಗೊಂಬೆ ಮಾರಾಯ ಎಂದಾಗ ಅವನ ಮುಖ ನೋಡಬೇಕಿತ್ತು. ಪೇಟೆಯವರು ವಾರಗಟ್ಟಲೆ ಅವನನ್ನು ಗೋಳುಹೊಯ್ದುಕೊಂಡರು, ಹಣ್ಣು ಕೊಳ್ಳಲು ಬಂದವರೆಲ್ಲ ಗೊಂಬೆಗೂ ಎರಡು ಕೊಡು ಎನ್ನುವವರೇ. ಅತ್ತೆಯದು ಮಾತ್ರ ತಮಾಷೆಯಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತವರು ಅಂಗಡಿಯ ಬಾಗಿಲಿನಾಚೆ ನೋಡಿ, "ಎಂತಕ್ಕೆ ಅವನ್ನ ಬಿಸಲಲ್ಲಿ ನಿಲ್ಸಿದ್ದೆ? ಉಂಬಲೆ ಕರಿಯೇ," ಎನ್ನತೊಡಗಿದರು. ದಿನವೂ ನಿಮಗೊಂದು ಎಲೆ ಹಾಕಿಸಿದರು. ಅದನ್ನು ನೋಡಲಾಗದೆ ವಾಸಪ್ಪನಿಗೆ ಹೇಳಿ ಗೊಂಬೆಯನ್ನು ಇಳಿಸಿದೆ. ದೀಪಾವಳಿಯ ಪಾಡ್ಯದ ದಿನ, ನಾನೇ ಎದುರು ನಿಂತು. ಹುಲ್ಲನ್ನು ಅವನು ಸುಟ್ಟ, ಅಂಗಿಯನ್ನು ನಾನು ಒಗೆದು ಅಟ್ಟದ ಮೇಲಿಟ್ಟೆ. ವಾಸಪ್ಪ ಅದರ ಬದಲು ಒಂದು ಬೂದುಗುಂಬಳಕಾಯಿ ಕಟ್ಟಿದ.

ಹೋದ ವಾರ ಕೋರ್ಟಿನಲ್ಲಿ ಬೆಳ್ಳಪ್ಪನ ಸಾಕ್ಷಿಯಿತ್ತು. ದಿನಾ ರಸ್ತೆಯಲ್ಲೇ ಇರುವವನು, ಯಾರ ಕಡೆಯವನೂ ಅಲ್ಲ ಎಂದು ವಕೀಲರೇ ಆರಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಏಳು ವರ್ಷಗಳಿಂದೀಚೆಗೆ ರವಿಶಂಕರ ಅವರನ್ನು ಎಲ್ಲಾದರೂ ನೋಡಿದ್ದೀರಾ ಎಂದು ವಕೀಲರು ಕೇಳಿದರು. ಇಲ್ಲ ಎನ್ನುತ್ತಾನೆಂದು ನಾವೆಲ್ಲ ಕೂತಿದ್ದೇವೆ. "ನೋಡಿದೀನಿ ಸ್ವಾಮಿ. ತುಳಸಿ ಹಬ್ಬದ ದಿನ ಮಧ್ಯಾಹ್ನ. ಅವ್ರದ್ದೇ ಬಿಲ್ಡಿಂಗ್ ಮೇಲೆ ನಿಂತಿದ್ರು. ಬಿಳಿ ಅಂಗಿ," ಎಂದ. ಕೋರ್ಟಿನ ತುಂಬ ನಗು. ಅದು ದೃಷ್ಟಿಗೊಂಬೆಯಲ್ಲವೇ ಎಂದು ವಕೀಲರು ದಾರಿ ತೋರಿಸಿದರು. ಅವನು ಹಿಡಿಯಲಿಲ್ಲ. "ಗೊಂಬೆ ನಂಗೆ ಗೊತ್ತಿಲ್ವಾ ಸ್ವಾಮಿ? ಅದ್ರಿಂದ ಊರೆಲ್ಲಾ ನಗೆಪಾಟ್ಲಾಗಿದೀನಿ. ಗೊಂಬೆಗೆ ಕತ್ತು ತಿರುಗಲ್ಲ," ಎಂದ. ಆಮೇಲೆ ಯಾರೂ ನಗಲಿಲ್ಲ. ನ್ಯಾಯಾಧೀಶರು ನನ್ನನ್ನು ಮತ್ತೊಮ್ಮೆ ವಿಚಾರಿಸಬೇಕೆಂದು ದಿನ ಕೊಟ್ಟರು. ಹೊರಗೆ ಬಂದ ಮೇಲೆ ಬೆಳ್ಳಪ್ಪ, "ಪ್ರಮಾಣ ಮಾಡ್ಸಿದ್ರಲ್ಲ ಅಕ್ಕಾ, ಏನ್ ಮಾಡ್ಲಿ," ಎಂದು ಕಣ್ಣೊರೆಸಿಕೊಂಡ. ಬಯ್ಯಲು ಮನಸ್ಸಾಗಲಿಲ್ಲ.

ಅವತ್ತು ಸಂಜೆ ಶ್ರೀನಾಥ ಬಂದ. ಅವನ ಮೇಲೆ ನನಗೆ ಬೇಸರವಿಲ್ಲ. ತೀರ್ಥಹಳ್ಳಿಯ ನನ್ನ ತವರಿಗೆಂದು ಹೊರಟ ನೀವು ಹೊಸನಗರದಲ್ಲಿ ಬಸ್ಸಿಳಿದು ಚಹಾ ಕುಡಿದದ್ದನ್ನು ಕಂಡವರಿದ್ದರು, ಮುಂದಕ್ಕೆ ಕಂಡವರಿರಲಿಲ್ಲ. ಆಗ ಆ ದಾರಿಯ ಒಂದೊಂದು ಊರಿನಲ್ಲೂ ನಿಮ್ಮ ಫೋಟೋ ಹಿಡಿದು ತಿರುಗಿದವನು ಅವನು. ತುಂಗೆಯ ದಡದಲ್ಲೂ ಹುಡುಕಿದ. ಈಗ ಅವನಿಗೂ ಸಾಕಾಗಿದೆ. "ಗೊಂಬೆ ತುಳಸಿ ಹಬ್ಬದವರೆಗೂ ಇತ್ತು ಅಂತ ಹೇಳಿಬಿಡು ಅತ್ತಿಗೆ. ಒಂದು ಮಾತು. ಯಾರಿಗೂ ತೊಂದರೆ ಇಲ್ಲೆ," ಎಂದ. ನಿಜವೇ, ಒಂದು ಮಾತು. ನಾನು ಹಾಗೆಂದರೆ ಬೆಳ್ಳಪ್ಪ ಕಂಡದ್ದು ಗೊಂಬೆ, ನೀವು ತೀರಿಕೊಂಡವರು, ಲಾಡ್ಜು ಕೆಡವುತ್ತಾರೆ, ಆರು ಮಹಡಿ ಏಳುತ್ತದೆ. ಹಾಗೆನ್ನದಿದ್ದರೆ ನನ್ನ ದಾವೆಯನ್ನು ನಾನೇ ಬೀಳಿಸಿದ ಹಾಗೆ. ಆದರೆ ಆ ಬಿಳಿ ಅಂಗಿ ನನ್ನನ್ನು ಬಿಡಲಿಲ್ಲ. "ಸಂಜೆ ಒಳಗೆ ಬತ್ತೆ," ಎಂದು ನೀವು ಹೊರಟಾಗ ಹಾಕಿದ್ದು ಬಿಳಿ ಅಂಗಿ. ಬೆಳ್ಳಪ್ಪ ಆ ದಿನ ನಿಮ್ಮನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿರಬಹುದು, ನೆನಪು ಕಲಸಿಕೊಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಅನುಮಾನ ಇಟ್ಟುಕೊಂಡು ಪ್ರಮಾಣ ಮಾಡುವುದು ಸರಿಯಲ್ಲವೆಂದು ನಿನ್ನೆ ಮಧ್ಯಾಹ್ನ ವಾಸಪ್ಪನ ಜೊತೆ ಮೇಲೆ ಹತ್ತಿದೆ. ಬಿಸಿಲು ಚುರುಗುಟ್ಟುತ್ತಿತ್ತು. ತಾರಸಿ ಬಟಾಬಯಲು, ಕಂಬದ ಕಬ್ಬಿಣಗಳು ಬಿಟ್ಟರೆ ಮರೆಯೇ ಇಲ್ಲ. ಅಲ್ಲಿಂದ ನನ್ನ ಅಂಗಡಿ ಒಳತನಕ ಕಾಣುತ್ತದೆ. ಗಲ್ಲಾಪೆಟ್ಟಿಗೆಯ ಹಿಂದಿನ ನನ್ನ ಕುರ್ಚಿ, ಅದರ ಮೇಲಿನ ದಿಂಬು, ಅತ್ತೆಯ ಮಂಚದ ಒಂದು ಕಾಲು. ಇಷ್ಟೆತ್ತರದಿಂದ ನಮ್ಮ ಬದುಕನ್ನು ನೋಡಲು ಈವರೆಗೆ ಯಾರಿಗೂ ಜಾಗವಿರಲಿಲ್ಲ. ಊಟದ ಹೊತ್ತೆಂದು ಕೆಲಸದವರೆಲ್ಲ ಕೆಳಗಿಳಿದಿದ್ದರು, ಇಲ್ಲೇ ಯಾಕೆ ಉಣ್ಣುವುದಿಲ್ಲ ಎಂದು ಕೇಳಿದೆ. ವಾಸಪ್ಪ ಸಂಕೋಚಪಟ್ಟ. "ಓನರ್ ಬಂದು ನಿಂತಿರ್ತಾರಲ್ಲ ಅಮ್ಮ, ಅವ್ರ ಎದ್ರು ಕೂತು ತಿನ್ನಕ್ಕೆ ಹುಡುಗ್ರಿಗೆ ಮುಜುಗರ," ಎಂದ. ಶ್ರೀನಾಥನಾ ಎಂದೆ. ಅಲ್ಲವಂತೆ. "ಅವ್ರ ತರಾನೇ ಮುಖ, ಸ್ವಲ್ಪ ಎತ್ರ. ಬಿಳಿ ಅಂಗಿ. ಮಾತಾಡಲ್ಲ, ಸುಮ್ನೆ ನೋಡ್ತಾರೆ ಅಷ್ಟೆ." ಮೆಟ್ಟಿಲು ಹತ್ತಿ ಬರುವುದನ್ನು ನೋಡಿದ್ದೀಯಾ ಎಂದೆ. ಯೋಚಿಸಿದ. ಇಲ್ಲ ಎಂದ. ವಯಸ್ಸು ಎಷ್ಟಿರಬಹುದು ಎಂದೆ. "ನಲವತ್ತೈದು ಆಸುಪಾಸು ಇರ್ಬೋದು ಅಮ್ಮ. ತಲೆ ಪೂರ್ತಿ ಕಪ್ಪು," ಎಂದ.

ನಿಮಗೆ ಈಗ ಐವತ್ತೈದು. ಹೊರಟ ದಿನ ನಲವತ್ತಾರು. ಗೋಡೆ ಇಲ್ಲದ ಅಂಚಿನಲ್ಲಿ ಗಾಳಿ ಜೋರಾಗಿತ್ತು. ವಾಸಪ್ಪ "ಸಾಕು ಬನ್ನಿ ಅಮ್ಮ," ಎಂದು ಎರಡು ಸಲ ಕರೆದ. ಈ ಪತ್ರವನ್ನು ಯಾವ ವಿಳಾಸಕ್ಕೆ ಹಾಕಬೇಕೆಂದು ಒಂಬತ್ತು ವರ್ಷ ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆ ವಾಸಪ್ಪನ ಕೈಯಲ್ಲಿ ಮೇಲೆ ಕಳಿಸಿ ಒಂದು ಇಟ್ಟಿಗೆಯಡಿ ಇಡಿಸುತ್ತೇನೆ.

ಅತ್ತೆ ಪಕ್ಕದಲ್ಲೇ ಮಲಗಿದ್ದಾರೆ. ಬರೆಯುತ್ತಿರುವುದು ಯಾರಿಗೆ ಎಂದು ಕೇಳಿದರು, ಹೇಳಿದೆ. ಆಶೀರ್ವಾದ ಬರಿ ಎಂದರು, ಬರೆದಿದ್ದೇನೆ. ಶ್ರೀನಾಥ ಕೇಳಲಿಲ್ಲ, ಆದರೂ ಅವನ ನೆನಪೂ ಇದರಲ್ಲಿದೆ ಎಂದು ತಿಳಿಯಿರಿ. ಮೈ ನೋಡಿಕೊಳ್ಳಿ.

ನಿಮ್ಮ
ಅಮಿತಾ

ಮರೆತ ಮಾತು: ನಾಳೆ ಹನ್ನೊಂದಕ್ಕೆ ನನ್ನ ಸಾಕ್ಷಿ. ಗೊಂಬೆಯನ್ನು ದೀಪಾವಳಿಗೇ ಇಳಿಸಿ ಆಗಿತ್ತು ಎಂದು ಹೇಳುತ್ತೇನೆ. ಹಾಗಾದರೆ ಬೆಳ್ಳಪ್ಪ ಕಂಡದ್ದು ಯಾರನ್ನು ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಮನೆಯವರನ್ನು ಎನ್ನುತ್ತೇನೆ. ಶ್ರೀನಾಥ ಮಾತು ಬಿಡುತ್ತಾನೆ, ಊರು ನಗುತ್ತದೆ, ನಗಲಿ. ನಾನೂ ಕಂಡಿದ್ದೇನೆ, ಎಷ್ಟೋ ದಿನಗಳಿಂದ, ಮಧ್ಯಾಹ್ನ ಶಟರ್ ಅರ್ಧ ಎಳೆಯುವ ಹೊತ್ತಿಗೆ. ಕತ್ತೆತ್ತಿ ಪೂರ್ತಿ ನೋಡುವ ಧೈರ್ಯ ಇವತ್ತು ಬಂತು. ನೀವು ನನ್ನನ್ನು ನೋಡುತ್ತಿರಲಿಲ್ಲ. ಇಳಿಯುವುದು ಎಲ್ಲಿಂದ ಎಂದು ಹುಡುಕುವವರ ಹಾಗೆ ಅತ್ತಿತ್ತ ತಿರುಗುತ್ತಿದ್ದಿರಿ. ಮೆಟ್ಟಿಲು ಹಿಂದುಗಡೆ ಇದೆ. ಇನ್ನೂ ಕಂಬಿ ಹಾಕಿಲ್ಲ, ಗೋಡೆ ಹಿಡಿದುಕೊಂಡು ಇಳಿಯಿರಿ.