ಮಡಿಲಲ್ಲಿ ಬಂದ ಹುಣಸೆಮರ

ಮೂರನೆಯ ಮಹಡಿ, ಅಡುಗೆಮನೆಯ ಮೇಜು
೧೯ ಜನವರಿ, ಭಾನುವಾರ

ಶ್ರೀಮನ್ಮಹಾ ಜಠರಸಿಂಹಾಸನಾಧೀಶ್ವರ, ಅನ್ನನಿರಾಕರಣ ಧುರಂಧರ, ವಾಂತಿಪ್ರವರ್ತಕ, ಐದು ತಿಂಗಳ ಅಖಂಡ ಏಕಾಂತವಾಸಿ, ಇನ್ನೂ ಹೆಸರಿಡದ ಮಹಾಸನ್ನಿಧಾನದ ಪಾದಾರವಿಂದಗಳಿಗೆ (ಪಾದಗಳು ಮೂಡಿವೆ ಎಂದು ಡಾಕ್ಟರಮ್ಮ ಖಚಿತಪಡಿಸಿದ ಮೇಲೆಯೇ ಬರೆಯುತ್ತಿದ್ದೇನೆ) ನಿನ್ನ ಅಮ್ಮನ ಒಬ್ಬನೇ ತಮ್ಮ, ಅಂದರೆ ನಿನ್ನ ಸೋದರಮಾವ, ವೃತ್ತಿಯಿಂದ ಕಿಟಕಿಗಳಿಗೆ ಗಾಜು ಕೂರಿಸುವವನು, ಅಡ್ಡಬಿದ್ದು ಮಾಡಿಕೊಳ್ಳುವ ಅರಿಕೆ.

ಅಲ್ಲಿ ಎಲ್ಲ ಸೌಖ್ಯವೇ? ಬೆಚ್ಚಗಿದೆಯೇ? ಕೈಕಾಲು ಚಾಚಲು ಜಾಗ ಸಾಲುತ್ತದೆಯೇ? ಇಕ್ಕಟ್ಟಾದರೆ ಸಹಿಸಿಕೋ ಪುಟ್ಟಾ, ನಾನೂ ನಿಮ್ಮ ಮನೆಯ ಬಟ್ಟೆ ಒಣಹಾಕುವ ಕೋಣೆಯಲ್ಲೇ ಮಲಗುವುದು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಹೋದ ಭಾನುವಾರ ಹಾಗೆ ಬರೆದಿದ್ದರೆ ಹಸಿ ಸುಳ್ಳಾಗುತ್ತಿತ್ತು. ನಿನ್ನ ಕೃಪೆಯಿಂದ ಅಕ್ಕನ ಹೊಟ್ಟೆಯಲ್ಲಿ ಗಂಜಿಯೂ ನಿಲ್ಲುತ್ತಿರಲಿಲ್ಲ. ಬಳೆಗಳು ಜಾರಿ ಮೊಣಕೈ ಮುಟ್ಟಿದ್ದವು. ನಿನ್ನ ಅಪ್ಪ, ಅಂದರೆ ನನ್ನ ಭಾವ, ಬೇಕರಿಯಲ್ಲಿ ಕೆಲಸ ಮಾಡುವವರು. ಅವರ ಮೈಯ ಬೆಣ್ಣೆ ವಾಸನೆಗೇ ಅಕ್ಕನಿಗೆ ವಾಕರಿಕೆ ಬರುತ್ತಿದ್ದರಿಂದ ಪಾಪ, ಮೆಟ್ಟಿಲ ಮೇಲೇ ಅಂಗಿ ಬಿಚ್ಚಿ, ಕಳ್ಳನ ಹಾಗೆ ಒಳಗೆ ನುಸುಳುತ್ತಿದ್ದರು. ಅದೇ ಮೆಟ್ಟಿಲ ಮೇಲೆ ಒಂದು ಸಂಜೆ, ಚಳಿಯಲ್ಲಿ ಬನಿಯನ್ನಿನಲ್ಲಿ ನಿಂತು, ಮೆಲ್ಲಗೆ ಹೇಳಿದರು: "ಈ ಶನಿವಾರವೂ ತೂಕ ಇಳಿದಿದ್ರೆ ಆಸ್ಪತ್ರೆಗೆ ಸೇರಿಸ್ಬೇಕಂತೆ ಕಣೋ. ಮಗೂಗೂ ಒಳ್ಳೇದಲ್ವಂತೆ." ನಾನು ಏನಾದರೂ ತಮಾಷೆ ಮಾಡುತ್ತೇನೆಂದು ಕಾದರು. ನಾನು ಅವರ ಕೈಯ ಅಂಗಿ ಇಸಿದುಕೊಂಡು ಒಗೆಯಲು ಹಾಕಿದೆ.

ಅಕ್ಕ ಕೇಳುತ್ತಿದ್ದದ್ದು ಒಂದೇ ಒಂದು. ಎಳೆ ಹುಣಸೆಕಾಯಿ. ಹಸಿರಾದದ್ದು, ಉಪ್ಪು ಹಚ್ಚಿಕೊಂಡು ಕಚ್ಚುವಂಥದ್ದು. ಇದನ್ನು ಕೇಳಿದ್ದು ಅವಳಲ್ಲ, ಅವಳ ಬಾಯಲ್ಲಿ ನೀನು, ಎನ್ನುವುದು ಊರಿನಲ್ಲಿರುವ ನಿನ್ನ ಅಜ್ಜಿಯ ತೀರ್ಪು. ದಿನಾ ಬೆಳಿಗ್ಗೆ ಫೋನಿನಲ್ಲಿ ಅದೇ ಪಾರಾಯಣ: "ಬಸುರಿ ಬಯಕೆ ತೀರಿಸದಿದ್ರೆ ಕೂಸಿಗೆ ಕಿವಿ ಸೋರುತ್ತೆ, ಆಮೇಲೆ ನನ್ನ ಕೇಳಬೇಡಿ!" ನಾಳೆ ನನ್ನ ತೊಡೆಯ ಮೇಲೆ ಕೂತು ಚುಚ್ಚಿಸಿಕೊಳ್ಳಬೇಕಾದ ಕಿವಿಗಳು ಅವು. ಹಾಗಾಗಿ ನಾನೂ ಭಾವನೂ ಈ ಪರದೇಶದ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಹುಣಸೆಹಣ್ಣು ಸಿಕ್ಕಿತು, ರಸ್ತೆಗೆ ಹಾಕುವ ಟಾರಿನಂತೆ ಕಪ್ಪಗೆ, ಇಟ್ಟಿಗೆಯಂತೆ ಒತ್ತಿದ್ದು. ಶೀಶೆಯಲ್ಲಿ ರಸ ಸಿಕ್ಕಿತು. ಕಾಯಿ ಮಾತ್ರ ಇಲ್ಲ. ನಮ್ಮ ಕಡೆಯ ಸಾಮಾನು ಮಾರುವ ಅಂಗಡಿಯವನು ನಕ್ಕೇಬಿಟ್ಟ: "ಹಣ್ಣಾಗಿದ್ದೇ ಸ್ವಾಮಿ ವಿಮಾನ ಹತ್ತೋದು. ಕಾಯಿಗೆ ಯಾರು ಟಿಕೆಟ್ ತೆಗೀತಾರೆ?" ನಿಂಬೆ, ಮಾವಿನಕಾಯಿ, ಹುಳಿ ಸೇಬು ತಂದಿಟ್ಟೆವು. ಅಕ್ಕ ನೋಡಿ ಗೋಡೆಯ ಕಡೆ ತಿರುಗಿದಳು.

ಈಗ ಕೇಳು. ಗುರುವಾರ ಮೇಸ್ತ್ರಿ ನನ್ನನ್ನು ಊರಾಚೆಯ ಒಂದು ಮನೆಗೆ ಅಟ್ಟಿದರು. ಒಬ್ಬಂಟಿ ಅಜ್ಜಿ, ಮನೆಯ ಹಿಂದೆ ಗಾಜಿನ ಕೋಣೆ, ಅಂದು ಬೆಳಿಗ್ಗೆಯಷ್ಟೇ ಮಾಡಿನಿಂದ ಹೆಂಚು ಬಿದ್ದು ಒಂದು ಗಾಜು ಒಡೆದಿತ್ತು. ಒಳಗೆ ಕಾಲಿಟ್ಟೆ. ಉದ್ದಕ್ಕೂ ತಟ್ಟೆಗಳಲ್ಲಿ ಕುಳ್ಳಮರಗಳು. ಮಂಡಿಯೆತ್ತರ, ಗೇಣೆತ್ತರ, ಬೊಡ್ಡೆ ಮಾತ್ರ ನೂರು ವರ್ಷದವರ ಹಾಗೆ ಗಂಟು ಗಂಟು. ನೋಡುತ್ತ ನೋಡುತ್ತ ಕೊನೆಯ ತಟ್ಟೆಗೆ ಬಂದೆ, ಕೈ ತಾನಾಗಿ ಹೋಯಿತು, ಒಂದು ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡೆ. ಹುಣಸೆಮರದ ಕೆಳಗೆ ಹಾದುಹೋಗುವ ನಮ್ಮವರ ಕೈ ಯಾರಪ್ಪಣೆ ಕೇಳುತ್ತದೆ? ಹುಳಿ ನಾಲಿಗೆಗೆ ತಾಗಿದ ಮೇಲೆ ತಲೆಗೆ ಹೊಳೆಯಿತು, ನಾನು ತಿಂದದ್ದು ಏನನ್ನು ಎಂದು. ಬಗ್ಗಿ ನೋಡಿದೆ. ನನ್ನ ಮಂಡಿಯೆತ್ತರಕ್ಕೆ ಒಂದು ಇಡೀ ಹುಣಸೆಮರ! ಅದೇ ಒರಟು ತೊಗಟೆ, ಅದೇ ಹರಡಿದ ನೆತ್ತಿ. ಅದರಲ್ಲಿ ದೆವ್ವ ವಾಸಿಸಬೇಕೆಂದರೆ ಅದು ಹೆಬ್ಬೆರಳಿನಷ್ಟಿರಬೇಕು. ಆ ಪುಟ್ಟ ಕೊಂಬೆಗಳಿಂದ ಮೂರು ಹುಣಸೆಕಾಯಿ ನೇತಾಡುತ್ತಿದ್ದವು. ಕಾಯಿ ಮಾತ್ರ ಕುಳ್ಳಲ್ಲ ಪುಟ್ಟಾ, ಪೂರಾ ಗಾತ್ರದ್ದು. ಎಳೆಮಗುವಿನ ಕೈಗೆ ದೊಡ್ಡವರ ಬಳೆ ತೊಡಿಸಿದ ಹಾಗೆ. ಮರವನ್ನು ಎಷ್ಟೇ ಅದುಮಿಟ್ಟರೂ ಕಾಯಿಯನ್ನು ಚಿಕ್ಕದು ಮಾಡಲು ಯಾರಿಂದಲೂ ಆಗುವುದಿಲ್ಲವಂತೆ.

ಹಿಂದಿನಿಂದ ಒಂದು ಚೀತ್ಕಾರ. ಅಜ್ಜಿಯ ಮಾತನ್ನು ನನಗೆ ತಿಳಿದಷ್ಟು ನಮ್ಮ ಮಾತಿಗೆ ತಿರುಗಿಸುತ್ತೇನೆ: "ಏಯ್, ನೀನು ಅಗೀತಿರೋದು ನನ್ನ ಒಂದು ವರ್ಷದ ಕೆಲಸ ಕಣೋ!" ನಾನು ಕೈಮುಗಿದೆ. ನಮ್ಮ ಊರಿನ ಮರ ಇದು, ತಿನ್ನುವಂಥದ್ದು ಎಂದೆ. ಅವರಿಗೆ ಅದೇ ಗೊತ್ತಿಲ್ಲ! ಮದುವೆಯಾದ ವರ್ಷ ಬೀಜ ಊರಿದ್ದು, ಈ ಸಲವೇ ಮೊದಲು ಕಾಯಿ ಬಿಟ್ಟದ್ದು. ಅಕ್ಕನ ಕಥೆ ಹೇಳಿ ಒಂದೇ ಒಂದು ಕಾಯಿ ಕೊಡಿ ಎಂದೆ. "ಇದನ್ನ ನೋಡೋಕೆ ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಕಾದಿದ್ದೀನಿ. ಭಾನುವಾರ ಗೆಳತಿಯರು ಬರ್ತಾರೆ. ಸಾಧ್ಯವೇ ಇಲ್ಲ. ಗಾಜು ಹಾಕು, ನಡಿ." ನ್ಯಾಯವಾದ ಮಾತು. ತಲೆ ತಗ್ಗಿಸಿ ವ್ಯಾನಿಗೆ ಹೋಗಿ ಗಾಜು ಕತ್ತರಿಸಿದೆ.

ಆಗ ನೋಡು ವಿಧಿಯ ಲೀಲೆ! ಒಂದೂವರೆ ವರ್ಷದ ನನ್ನ ಗಾಜಿನ ಬಾಳಿನಲ್ಲಿ ಮೊಟ್ಟಮೊದಲ ಬಾರಿಗೆ, ತಂದಿದ್ದ ಒಂದೇ ಹಾಳೆ ಎರಡು ಬೆರಳು ಗಿಡ್ಡವಾಯಿತು. ಬೇರೆ ಗಾಜು ಬರುವುದು ಮರುದಿನವೇ. ಹಲಗೆ ಹೊಡೆದೆ, ಸಂದಿಯಿಂದ ಚಳಿ ಬರ್ರನೆ ನುಗ್ಗಿತು. ಬೇರೆ ಮರಗಳು ಚಳಿನಾಡಿನವು, ತಡೆಯುತ್ತವೆ. ಹುಣಸೆ ತಡೆಯದು. ಮನೆಯೊಳಗೆ ಇಡೋಣವೆಂದರೆ ಅಲ್ಲಿ ಎರಡು ಬೆಕ್ಕು, ಬೊಡ್ಡೆ ಕಂಡರೆ ಉಗುರು ಮಸೆಯುವ ಜಾತಿ. ನಮ್ಮ ಮನೆ ಅಕ್ಕನಿಗಾಗಿ ಸದಾ ಬೆಚ್ಚಗಿರುತ್ತದೆ, ಬೆಕ್ಕಿಲ್ಲ ಎಂದು ಬಹಳ ವಿನಯದಿಂದ ಅರಿಕೆ ಮಾಡಿದೆ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮರ ಎಲ್ಲೋ ನಾನೂ ಅಲ್ಲೇ" ಎಂದು ಕೋಟು ಹಾಕಿಕೊಂಡರು. ವ್ಯಾನಿನಲ್ಲಿ ಮರವನ್ನು ಮಡಿಲಲ್ಲಿಟ್ಟು, ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಬಿಗಿದುಕೊಂಡು, ದಾರಿಯುದ್ದಕ್ಕೂ ಒಂದೇ ಮಾತು: "ನಿಧಾನ, ಗಾಡೀಲಿ ಇಬ್ಬರು ವಯಸ್ಸಾದವರಿದ್ದೀವಿ."

ಹುಣಸೆಮರದ ಹತ್ತಿರ ನಾವು ಹೋಗುವುದು ಲೋಕರೂಢಿ. ಅಂದು ಮರವೇ ಮೂರು ಮಹಡಿ ಹತ್ತಿ ಅಕ್ಕನ ಹತ್ತಿರ ಬಂತು. ಮೇಜಿನ ಮೇಲೆ ಇಟ್ಟೆ. ಅಕ್ಕ ತಿರುಗಿ ನೋಡಿದಳು, ಯಾರ ಕೈಯನ್ನೂ ಹಿಡಿಯದೆ ಎದ್ದು ಬಂದು ಎದುರಿಗೆ ಕೂತಳು. ಕಾಯಿ ಮುಟ್ಟಲಿಲ್ಲ, ಬೇಕು ಎನ್ನಲಿಲ್ಲ. ಬೊಡ್ಡೆಯನ್ನು ಒಂದು ಬೆರಳಿನಿಂದ ಸವರಿ, "ಯಾರ ಮನೆ ಕೂಸೋ ಇದು?" ಎಂದಳು. ಅವಳು ಎಂಜಲು ನುಂಗಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಅಜ್ಜಿಗೆ ಮಾತು ತಿಳಿಯಲಿಲ್ಲ. ಅವರು ಮೊಣಕೈಗೆ ಜಾರಿದ ಬಳೆಗಳನ್ನು ನೋಡುತ್ತಿದ್ದರು. ಆಮೇಲೆ ಕೋಟಿನ ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಅಕ್ಕನ ಅಂಗೈಯಲ್ಲಿಟ್ಟರು.

ಅಕ್ಕ ಒಂದು ಕಾಯಿ ಕತ್ತರಿಸಿ, ಸಿಪ್ಪೆಯನ್ನು ಉಗುರಿನಲ್ಲಿ ಹೆರೆದು, ಉಪ್ಪಿಗೆ ಅದ್ದಿ ಕಚ್ಚಿದಳು. ಕಣ್ಣು ಮುಚ್ಚಿ, ಭುಜ ಎತ್ತಿ, ಮೈ ಝುಮ್ಮೆಂದು ನಾಲಿಗೆ ಚಪ್ಪರಿಸಿದಳು ನೋಡು, ತಿಂಗಳುಗಳ ನಂತರ ನನ್ನ ಅಕ್ಕನ ಮುಖ ವಾಪಸು ಬಂತು. ಅಜ್ಜಿಯೂ ಒಂದು ತುಣುಕು ಕಚ್ಚಿದರು. ಮುಖ ಹಿಂಡಿದ ಬಟ್ಟೆಯಾಯಿತು. ಮತ್ತೆ ಕೈ ಚಾಚಿದರು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ! ಅಕ್ಕ ನಕ್ಕಳು. ನಕ್ಕು, "ಹಸಿವಾಗ್ತಿದೆ ಕಣೋ, ಅನ್ನ ಇದ್ಯಾ?" ಎಂದಳು. ನಿನ್ನ ಅಪ್ಪ ಅಕ್ಕಿ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ನಮಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತರು. ಅಂದಿನ ತಿಳಿಸಾರು ಅನ್ನ ಹೊಟ್ಟೆಯಲ್ಲಿ ನಿಂತಿತು.

ಮುಸ್ಸಂಜೆಗೆ ಮರದ ಎಲೆಗಳು ಒಂದೊಂದಾಗಿ ಮಡಿಸಿಕೊಂಡವು. ಊರಿನ ಹುಣಸೆಮರ ಮಲಗುವ ಹಾಗೇ. ಆ ಮರ ಊರನ್ನು ಕಂಡಿಲ್ಲ, ತಟ್ಟೆಯಿಂದಾಚೆ ಬೇರು ಚಾಚಿಲ್ಲ. ಆದರೂ ಯಾವಾಗ ಮಲಗಬೇಕು, ಎಷ್ಟು ಹುಳಿಯಿರಬೇಕು ಎಂದು ಅದಕ್ಕೆ ಗೊತ್ತು. ಬೆಳಕನ್ನೇ ಕಾಣದ ನೀನೂ ಅದನ್ನೇ ಕೇಳಿದೆಯಲ್ಲೋ! ಭಾವ ದೀಪ ಹಾಕಲು ಹೋದರು, ಅಜ್ಜಿ ಬೇಡವೆಂದು ಕೈಯಾಡಿಸಿದರು. ಕತ್ತಲಲ್ಲೇ ಕೂತೆವು.

ಮರುದಿನ ಗಾಜು ಕೂರಿಸಿದೆ, ಮರ ಮನೆ ಸೇರಿತು. ಹೋಗುವಾಗ ಅಜ್ಜಿ ಇನ್ನೊಂದು ಕಾಯಿಯನ್ನು ಅಕ್ಕನಿಗೇ ಬಿಟ್ಟರು. ಗೆಳತಿಯರ ಹೊಟ್ಟೆ ಉರಿಸಲು ಒಂದು ಸಾಕಂತೆ. ನಿನ್ನೆ ಶನಿವಾರ ತೂಕ ನೋಡಿದರು. ಇಳಿದಿಲ್ಲ. ಆಸ್ಪತ್ರೆ ಬೇಡ ಎಂದರು ಡಾಕ್ಟರಮ್ಮ.

ಆದ್ದರಿಂದ ಸನ್ನಿಧಾನ ಸುಖವಾಗಿ ಬೆಳೆಯಲಿ, ಕಿವಿ ಸೋರದಿರಲಿ, ಮುಂದಿನ ಬಯಕೆ ಮೂಲೆಯಂಗಡಿಯಲ್ಲಿ ಸಿಗುವಂಥದ್ದಾಗಿರಲಿ. ನೂರ್ಕಾಲ ಬಾಳು.

ಇಂತಿ ನಿನ್ನ ತೊಟ್ಟಿಲು ತೂಗಲು ಕಾದಿರುವ
ಸೋದರಮಾವ

ತಾ.ಕ.: ಅಕ್ಕ ಎದ್ದ ಸದ್ದಾಯಿತು, ಬೇಗ ಹೇಳಿಬಿಡುತ್ತೇನೆ. ಗಾಜು ತಾನಾಗಿ ಗಿಡ್ಡವಾಗುವುದಿಲ್ಲ. ಅಜ್ಜಿ ಸಾಧ್ಯವಿಲ್ಲ ಎಂದ ಮೇಲೆ ವ್ಯಾನಿನ ಹಿಂದೆ ನಿಂತು ಬೇಕೆಂದೇ ಎರಡು ಬೆರಳು ಒಳಗೆ ಗೆರೆ ಎಳೆದೆ. ಮೇಸ್ತ್ರಿಗೆ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ಮರ ಸತ್ತಿದ್ದರೆ ಆ ಪಾಪ ನನ್ನದೇ. ಯಾರಿಗಾದರೂ ಹೇಳಲೇಬೇಕಿತ್ತು. ಈ ಮನೆಯಲ್ಲಿ ಇನ್ನೂ ಮಾತು ಬಾರದ ಜೀವ ನಿನ್ನದೊಂದೇ.