ಮೊಸೆಲ್ ನದಿಯ ಎಡದಂಡೆಯಲ್ಲಿ ನಮ್ಮ ಮನೆ

ಅಲ್ ಗುಬ್ರಾ, ಮಸ್ಕತ್
17 ಅಕ್ಟೋಬರ್ 2003, ಶುಕ್ರವಾರ

ಪ್ರೀತಿಯ ಅಪ್ಪ,

ತೀರ್ಥರೂಪು ಎಂದು ಆರಂಭಿಸಬೇಕೆಂದು ಅನೂಪ್ ಹೇಳಿಕೊಟ್ಟರು. ಹಾಗೆ ಬರೆದರೆ ಬೇರೆ ಯಾರಿಗೋ ಬರೆದಂತೆ ಅನ್ನಿಸಿತು, ಬಿಟ್ಟೆ. ನಿಮ್ಮ ಎರಡು ಪತ್ರಗಳಿಗೆ ಉತ್ತರ ಬರೆಯದೆ ಆರು ವಾರವಾಯಿತು, ಬೈಯಬೇಡಿ. ಕನ್ನಡದಲ್ಲೇ ಬರೆಯಬೇಕೆಂಬ ನಿಮ್ಮ ಕಟ್ಟಳೆ ಈ ತಡಕ್ಕೆ ಅರ್ಧ ಕಾರಣ. ಒತ್ತಕ್ಷರ ಬಂದಲ್ಲೆಲ್ಲ ಕಾನ್ವೆಂಟಿನ ಹುಡುಗಿ ಪೆನ್ನು ಕಚ್ಚಿಕೊಂಡು ಕೂರುತ್ತಾಳೆ. ಇನ್ನರ್ಧ ಕಾರಣವನ್ನು ಮುಂದೆ ಹೇಳುತ್ತೇನೆ.

ನಾನು ಸುಖವಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಅದು ನಿಜ. ಅನೂಪ್ ದಿನವೂ ಆಫೀಸಿನಿಂದ ಫೋನ್ ಮಾಡಿ ಊಟಕ್ಕೇನು ಎಂದು ಕೇಳುತ್ತಾರೆ. ಡಬ್ಬಿ ಎದುರಿಗೇ ಇರುತ್ತದೆ, ಮುಚ್ಚಳ ತೆಗೆದೂ ಆಗಿರುತ್ತದೆ, ಆದರೂ ಕೇಳುತ್ತಾರೆ. ನಾನೂ ಏನೂ ಗೊತ್ತಿಲ್ಲದವಳಂತೆ ಬೀನ್ಸ್ ಪಲ್ಯ, ತಿಳಿಸಾರು ಎಂದು ಹೇಳುತ್ತೇನೆ. ಇಂಥದ್ದನ್ನು ಅಪ್ಪನಿಗೆ ಬರೆಯಬಾರದೇನೋ. ಆದರೆ ಮದುವೆಯಾಗಿ ಐದೇ ತಿಂಗಳು, ಯಾರಿಗಾದರೂ ಹೇಳದಿದ್ದರೆ ನನಗೆ ತಡೆಯುವುದಿಲ್ಲ.

ನಮ್ಮ ಅಡುಗೆಮನೆಯ ಕಿಟಕಿಯಿಂದ ಸಮುದ್ರದ ನೀರನ್ನು ಸಿಹಿನೀರು ಮಾಡುವ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ವರ್ಷವಿಡೀ ಹರಿಯುವ ನದಿ ಈ ದೇಶದಲ್ಲಿ ಒಂದೂ ಇಲ್ಲವೆಂದು ನೀವು ಹೇಳಿದ್ದು ಸರಿ. ಇರುವುದೆಲ್ಲ ವಾದಿಗಳು, ಮಳೆ ಬಂದ ದಿನ ಮಾತ್ರ ನದಿಯಾಗುವ ಒಣ ಹಳ್ಳಗಳು. ಆ ಕಿಟಕಿಯ ಪಕ್ಕದ ಗೋಡೆಗೇ, ನೀವು ಕೈಯಾರೆ ಬರೆದು ವಿಮಾನ ನಿಲ್ದಾಣದಲ್ಲಿ ಕೊಟ್ಟ ಆ ಫ್ರಾನ್ಸಿನ ಊರಿನ ನಕ್ಷೆಯನ್ನು ಅಂಟಿಸಿದ್ದೆ. ಜಾಗ ಸಾಲದೆ ಕೆಳಗಿನ ಅಂಚನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಮಡಿಚಬೇಕಾಯಿತು. ದೋಸೆ ಹಾಕುವಾಗಲೆಲ್ಲ ಕಣ್ಣು ಅದರ ಮೇಲೆಯೇ.

ಮೊನ್ನೆ ಮೊನ್ನೆಯವರೆಗೂ ಅಲ್ಲಿನ ಪಾಠವನ್ನು ನಾನು ಬಾಯಿಪಾಠ ಮಾಡುತ್ತಿದ್ದೆ. ನೀವು 'ಪಾಂಟ್ ಎ ಮೌಸನ್' ಎನ್ನುವ, ನಾನು 'ಪೊಂತಾಮುಸೋನ್' ಎಂದು ತಿದ್ದುವ ಊರು. ಮೊಸೆಲ್ ನದಿ ವೋಜ್ ಬೆಟ್ಟಗಳಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಜರ್ಮನಿಯಲ್ಲಿ ರೈನ್ ನದಿಯನ್ನು ಸೇರುತ್ತದೆ. ಆ ದಾರಿಯಲ್ಲಿ ನಾನ್ಸಿ ಮತ್ತು ಮೆಟ್ಜ್ ನಗರಗಳ ನಡುವೆ ನಮ್ಮ ಊರು. ಬಲದಂಡೆಯಲ್ಲಿ ಪಾಳುಕೋಟೆ ಹೊತ್ತ ಗುಡ್ಡ, ಎಡದಂಡೆಯಲ್ಲಿ ಕಮಾನುಗಳ ಮನೆಸಾಲಿನ ತ್ರಿಕೋನಾಕಾರದ ಚೌಕ. ಊರು ಬೆಳೆದದ್ದೇ ಸೇತುವೆಯಿಂದ, ಹೆಸರಿನ 'ಪೊಂ' ಎಂದರೇ ಸೇತುವೆ. ಯುದ್ಧಗಳಲ್ಲಿ ಆ ಸೇತುವೆ ಮತ್ತೆ ಮತ್ತೆ ಬಿತ್ತು, ಜನ ಮತ್ತೆ ಮತ್ತೆ ಕಟ್ಟಿದರು. 1572ರಲ್ಲಿ ಅಲ್ಲೊಂದು ವಿಶ್ವವಿದ್ಯಾಲಯ ಬಂತು. ಎರಡು ಶತಮಾನ ಇದ್ದು ನಾನ್ಸಿಗೆ ಹೊರಟುಹೋಯಿತು. ಆಮೇಲೆ ಹತ್ತಿರದಲ್ಲಿ ಅದಿರು ಸಿಕ್ಕಿ ಎರಕದ ಕಾರ್ಖಾನೆ ಬಂತು. ಈಗ ಜಗತ್ತಿಗೆಲ್ಲ ನೀರಿನ ಕೊಳವೆ ಮಾಡುವ ಊರು. ನೋಡಿ, ಒಂದೂ ಮರೆತಿಲ್ಲ.

ಬಂದ ಮೊದಲ ವಾರ ನಮ್ಮ ಕಟ್ಟಡದ ಮುಂದಿನ ರಸ್ತೆಯಲ್ಲಿ ಕಬ್ಬಿಣದ ಮುಚ್ಚಳವೊಂದರ ಮೇಲೆ ಅದೇ ಊರಿನ ಹೆಸರನ್ನು ಎರಕ ಹೊಯ್ದದ್ದು ಕಂಡಿತ್ತು. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಕಾಲು ಸುಟ್ಟಿತು, ಆದರೂ ನಗು ತಡೆಯಲಾಗಲಿಲ್ಲ. ಮೇಲಿನ ಮನೆಯ ಲೋಲಾಕ್ಷಿ ಅಕ್ಕ ಬಾಲ್ಕನಿಯಿಂದ ನೋಡಿದರು. ಅವರು ಉಡುಪಿ ಕಡೆಯವರು, ಇಲ್ಲಿ ನನಗಿರುವ ಒಬ್ಬರೇ ಗೆಳತಿ. "ಎಂತ ಮಾರಾಯ್ತಿ, ಗಟಾರದ ಮುಚ್ಚಳ ನೋಡಿ ನಗುದಾ? ಬಿಸಿಲು ತಲೆಗೆ ಹತ್ತಿತಾ?" ಎಂದರು. ಅದು ನನ್ನ ಮುಂದಿನ ಊರು ಎಂದೆ. ಗಟಾರದೊಳಗೆ ಬಾಡಿಗೆ ಕಡಿಮೆ ಇರಬೇಕು ಎಂದು ಅವರು ನಕ್ಕರು.

ನಿಮಗೆ ನೆನಪಿದೆಯಲ್ಲ, ಈ ಸಂಬಂಧ ಬಂದಾಗ ನಾನು ಎರಡು ಸಲ ಬೇಡವೆಂದಿದ್ದೆ. ಗಲ್ಫಿನಲ್ಲಿ ಕೂತು ಏನು ಮಾಡಲಿ, ಮೂರು ವರ್ಷ ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿತದ್ದು ಇದಕ್ಕೇನಾ ಎಂದು ಅತ್ತಿದ್ದೆ. ಆಮೇಲೆ ನೀವು, ಹುಡುಗನನ್ನು ಅವನ ಕಂಪನಿ ವರ್ಷದ ಕೊನೆಗೆ ಫ್ರಾನ್ಸಿಗೆ ಕಳಿಸುತ್ತದೆ, ಮಸ್ಕತ್ತಿಗೆ ತರುವ ಕೊಳವೆಗಳನ್ನು ಅಲ್ಲೇ ಪರೀಕ್ಷಿಸಲು ಎರಡು ವರ್ಷದ ಕೆಲಸ, ಎಂದು ಹೇಳಿದಿರಿ. ಅದೇ ಸಂಜೆ ಅಟ್ಲಾಸ್ ತೆರೆದು ಆ ಊರು ತೋರಿಸಿದಿರಿ. ನಾನು ಹೂಂ ಎಂದೆ. ನಿಶ್ಚಿತಾರ್ಥದಿಂದ ಮದುವೆಯವರೆಗೆ ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ನಮ್ಮಿಬ್ಬರದೇ ಪಾಠ. ಅಷ್ಟೊಂದು ಹೊತ್ತು ನೀವು ನನ್ನೊಬ್ಬಳಿಗೇ ಸಿಕ್ಕಿದ್ದು ಆಗಲೇ.

ಈಗ ಇನ್ನರ್ಧ ಕಾರಣ. ನಮ್ಮ ಕಟ್ಟಡ ನೋಡಿಕೊಳ್ಳುವ ಉಮ್ಮರ್ ಕಳೆದ ತಿಂಗಳು ಬಂದು, ಮುಂದಿನ ವರ್ಷಕ್ಕೂ ಮನೆ ಬೇಕೇ ಎಂದು ಕೇಳಿದರು. ನಾನು ಬಹಳ ಗತ್ತಿನಿಂದ, ಡಿಸೆಂಬರಿಗೆ ಖಾಲಿ ಮಾಡುತ್ತೇವೆ, ಖಲಾಸ್ ಎಂದೆ. ಸಂಜೆ ಅವರು ಮೆಟ್ಟಿಲ ಮೇಲೆ ಅನೂಪ್‌ಗೆ ಅದನ್ನೇ ಹೇಳಿದ್ದಾರೆ. ಇವರು ಬೂಟನ್ನೂ ಬಿಚ್ಚದೆ ಅಡುಗೆಮನೆಗೆ ಬಂದರು.

"ಆಶಿ, ಉಮ್ಮರ್ ಏನೋ ಹೇಳ್ತಿದ್ದಾರಲ್ಲ. ನಾವು ಎಲ್ಲಿಗೆ ಹೋಗ್ತಿದ್ದೀವಿ?"

"ಇನ್ನೆಲ್ಲಿಗೆ, ಮನೆಗೆ," ಎಂದು ಸೌಟಿನ ತುದಿಯಿಂದ ನಕ್ಷೆಯ ಮೇಲೆ ನೀವು ಇಟ್ಟ ಕೆಂಪು ಚುಕ್ಕೆಯನ್ನು ತೋರಿಸಿದೆ.

ಅವರು ಸ್ಟೂಲ್ ಎಳೆದುಕೊಂಡು ಕೂತರು. "ಅದು ನಿಮ್ಮಪ್ಪಂದೂ ನಿಂದೂ ಆಟ ಅಂದ್ಕೊಂಡಿದ್ದೆ ಕಣೇ," ಎಂದರು.

ಅಲ್ಲಿಯವರೆಗಿನ ನಾಲ್ಕು ತಿಂಗಳು ಊಟಕ್ಕೆ ಕೂತಾಗಲೆಲ್ಲ ನಾನು ಮೊಸೆಲ್ ದಂಡೆಯಲ್ಲಿ ಸಂತೆಗೆ ಹೋಗುವ ಮಾತಾಡುತ್ತಿದ್ದೆ. ಅವರೂ ಸೇತುವೆ ದಾಟಿ ಬ್ರೆಡ್ ತರುವುದು ತನ್ನ ಕೆಲಸ ಎಂದು ಸೇರಿಕೊಳ್ಳುತ್ತಿದ್ದರು. ಅವರಿಗೆ ಅದು ಹೆಂಡತಿಯ ಮುದ್ದಿನ ಆಟವಾಗಿತ್ತು. ಆ ಕೆಲಸವನ್ನು ಕಂಪನಿ ಅಲ್ಲಿನದೇ ಒಂದು ಏಜೆನ್ಸಿಗೆ ಕೊಟ್ಟಾಗಿದೆಯಂತೆ. ಇಲ್ಲಿಂದ ಯಾರೂ ಹೋಗುವುದಿಲ್ಲ. ಅದು ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಹೇಳಿದರು. ಅದನ್ನು ಕೊನೆಯಲ್ಲಿ ಬರೆಯುತ್ತೇನೆ, ಈಗ ಬರೆದರೆ ಮುಂದೆ ಕೈ ಓಡುವುದಿಲ್ಲ.

ಎರಡು ದಿನ ಅತ್ತೆ. ಮೂರನೆಯ ದಿನ ಲೋಲಾಕ್ಷಿ ಅಕ್ಕ ಮೀನಿನ ವಾಸನೆಯ ಕೈಯಲ್ಲೇ ನನ್ನ ಗಲ್ಲ ಹಿಡಿದು, "ನದಿ ಬೇಕಾದ್ರೆ ಮಳೆ ಬಂದಾಗ ವಾದಿಗೆ ಹೋಗುವ. ಕಾರು ಮಾತ್ರ ದೂರ ನಿಲ್ಲಿಸ್ಬೇಕು," ಎಂದರು. ಅಳುತ್ತಲೇ ನಕ್ಕೆ.

ಆಮೇಲೆ ಆ ಊರಿನ ಬಗ್ಗೆಯೇ ಯೋಚಿಸುತ್ತ ಕೂತೆ. ವಿಶ್ವವಿದ್ಯಾಲಯ ಬಿಟ್ಟುಹೋದ ವರ್ಷ ಅಲ್ಲಿನ ಜನ ಏನು ಮಾಡಿದರು? ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆ ಕೊಡುತ್ತಿದ್ದವರು, ಊಟ ಹಾಕುತ್ತಿದ್ದವರು? ಅದಿರು ಸಿಗುತ್ತದೆ, ಕಾರ್ಖಾನೆ ಬರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ಪಾಠದಲ್ಲಿ ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ನಡುವಿನ ಆ ಕಾಲವನ್ನು ಅವರು ದಿನಾ ಬೆಳಿಗ್ಗೆ ಎದ್ದು ಕಳೆದಿರಬೇಕು. ನಾನೂ ಎದ್ದೆ. ಇಲ್ಲಿನ ಭಾರತೀಯ ಶಾಲೆಗೆ ಫ್ರೆಂಚ್ ಕಲಿಸುವವರು ಬೇಕಂತೆ, ಅರ್ಜಿ ಹಾಕಿದ್ದೇನೆ. ಉಮ್ಮರ್‌ಗೆ ಮನೆ ಬೇಕೆಂದು ತಿಳಿಸಿದ್ದಾಯಿತು.

ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಅಟ್ಲಾಸನ್ನು ಯಾರಿಗೂ ಎರವಲು ಕೊಡಬೇಡಿ. ಅನೂಪ್ ನಮಸ್ಕಾರ ತಿಳಿಸಿದ್ದಾರೆ. ನಮ್ಮಿಬ್ಬರ ತಲೆಯ ಮೇಲೂ ನಿಮ್ಮ ಕೈಯಿರಲಿ.

ನಿಮ್ಮ
ಆಶಿತಾ

ಬರೆಯದೆ ಉಳಿಸಿಕೊಂಡದ್ದು: ಫೆಬ್ರವರಿ 26ರಂದೇ ಅನೂಪ್ ನಿಮಗೆ ಫೋನ್ ಮಾಡಿ ವಿಷಯ ತಿಳಿಸಿದರಂತೆ. "ನಾನೇ ಅವಳಿಗೆ ಹೇಳ್ತೀನಿ, ನೀವು ಮಾತೆತ್ತಬೇಡಿ," ಎಂದಿರಂತೆ. ನಾನು ನಂಬಲಿಲ್ಲ. ನಮ್ಮಪ್ಪ ಅಂಥವರಲ್ಲ ಎಂದು ಅವರ ಜೊತೆ ಮೊದಲ ಸಲ ಜಗಳವಾಡಿದೆ. ಮಾರನೆಯ ದಿನ ನಕ್ಷೆಯನ್ನು ಗೋಡೆಯಿಂದ ಕಿತ್ತಾಗ ಮಡಿಚಿದ ಅಂಚು ಬಿಚ್ಚಿಕೊಂಡಿತು. ದಿಕ್ಕು, ಅಳತೆ, ತಾರೀಖು ಇಲ್ಲದ್ದು ನಕ್ಷೆಯಲ್ಲ, ರಂಗೋಲಿ ಎಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟವರು ನೀವು. ಮೂರೂ ಅಲ್ಲಿದ್ದವು. 9-3-2003, ಕೆಳಗೆ ನಿಮ್ಮ ಸಹಿ. ಎಲ್ಲ ಗೊತ್ತಾಗಿ ಹನ್ನೊಂದು ದಿನ ಕಳೆದ ಮೇಲೆ ಕೂತು ಆ ಕಮಾನುಗಳನ್ನು ಒಂದೊಂದಾಗಿ ಬರೆದು, ಕೆಂಪು ಶಾಯಿಯಲ್ಲಿ ಚುಕ್ಕೆ ಇಟ್ಟು, ಪಕ್ಕದಲ್ಲಿ 'ಆಶಿಯ ಮನೆ' ಎಂದು ಬರೆದಿದ್ದೀರಿ. ನಿಜ ಹೇಳಿದ್ದರೂ ಅಷ್ಟರಲ್ಲಿ ನಾನು ಅನೂಪ್‌ರನ್ನು ಒಪ್ಪುತ್ತಿದ್ದೆ ಎಂದೇ ಈಗ ಅನ್ನಿಸುತ್ತದೆ ಅಪ್ಪ. ಒಪ್ಪುವುದೋ ಬೇಡವೋ ಎಂಬುದನ್ನು ನೀವು ನನಗೆ ಬಿಡಲಿಲ್ಲ. ಅಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ. ಫ್ರಾನ್ಸಿನ ಚಳಿಗೆಂದು ಸ್ವೆಟರ್ ಹೆಣೆಯುತ್ತಾ, ಫೋನಿನಲ್ಲಿ ನನ್ನ ತೋಳಿನ ಅಳತೆ ಕೇಳುತ್ತಿದ್ದಾಳೆ. ನಾನು ಹೇಳಿಲ್ಲ. ಅವಳಿಗೆ ನೀವೇ ಹೇಳಬೇಕು. ಹೇಳಿದ ದಿನ ನನಗೆ ಬರೆಯಿರಿ, ತಾರೀಖು ಹಾಕಿ.