ಸ್ಪಂದನ ಕೇಳಿದ ಎರಡು ಪದ

ಕಲ್ಯಾಣದುರ್ಗ
11 ನವೆಂಬರ್ 2024

ಪ್ರೀತಿಯ ವರಲಕ್ಷ್ಮಕ್ಕನಿಗೆ,

ಫೋನಿದ್ದೂ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಎಂದು ನಗಬೇಡ. ಹಿಂದೂಪುರದಲ್ಲಿ ನಿನ್ನ ಫೋನು ಇರುವುದು ನಿನ್ನ ಕೈಯಲ್ಲಲ್ಲ, ಸ್ಪಂದನಳ ಕೈಯಲ್ಲಿ. ಅವಳು ಓದುವುದು ತೆಲುಗು, ಇಂಗ್ಲಿಷು. ಕನ್ನಡ ಮಾತಾಡುತ್ತಾಳೆಯೇ ಹೊರತು ಅಕ್ಷರ ಬಾರದು. ಪಾವಗಡದ ಮಾವನ ಮನೆಯಲ್ಲಿದ್ದು ನಾವಿಬ್ಬರೂ ಕಲಿತ ಕನ್ನಡ ಅಕ್ಷರ ಹೀಗೆ ಉಪಯೋಗಕ್ಕೆ ಬಂತು ನೋಡು.

ನಿನ್ನೆ ಅವಳೇ ಫೋನ್ ಮಾಡಿದ್ದಳು. ಅಡ್ಯಾಪ್ಟ್, ಅಡಾಪ್ಟ್ ಈ ಎರಡಕ್ಕೂ ಏನು ವ್ಯತ್ಯಾಸ, ನೀನು ಇಂಗ್ಲಿಷ್ ಟೀಚರಲ್ಲವಾ ಚಿಕ್ಕಮ್ಮ ಎಂದು ಕೇಳಿದಳು. ಮೊದಲನೆಯದು ಸಲೀಸು. ನಡುವೆ ಎ ಬರುವುದು ಹೊಂದಿಕೊಳ್ಳುವುದಕ್ಕೆ, ನಮ್ಮ ಪಕ್ಕದ ಸೆಟ್ಟೂರಿನ ಕುರಿಗಳು ಒಣಹುಲ್ಲಿಗೆ ಹೊಂದಿಕೊಂಡ ಹಾಗೆ ಎಂದೆ. ನಕ್ಕಳು. ಓ ಬರುವುದು ಬೇರೆಯವರ ಮಗುವನ್ನು ತಮ್ಮದು ಮಾಡಿಕೊಳ್ಳುವುದಕ್ಕೆ ಎಂದೆ. ಅದಕ್ಕೂ ಒಂದು ಉದಾಹರಣೆ ಬೇಕಂತೆ. ಹದಿನಾರು ವರ್ಷ ಪಾಠ ಮಾಡಿದ ನನ್ನ ಬಾಯಿಗೆ ಒಂದು ವಾಕ್ಯ ಬರಲಿಲ್ಲ. ಒಲೆ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿದೆ.

ಅವಳಿಗೆ ಐದು ತಿಂಗಳಾದಾಗ ಅವ್ವ ಕುಲದ ಹಿರಿಯರನ್ನು ಕೂರಿಸಿ, ಎಲೆ ಅಡಿಕೆ ಇಟ್ಟು, ನನ್ನ ಮಡಿಲಿನಿಂದ ಎತ್ತಿ ನಿನ್ನ ಮಡಿಲಿಗೆ ಹಾಕಿಸಿದಳು. ನಿನಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನನಗೆ ಇನ್ನೊಂದು ಆಗುತ್ತದಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಆಗಲಿಲ್ಲ. ಮಡಿಲಿಗೆ ಹಾಕಿದ ಮೇಲೆ ಮುಗಿಯಿತೆಂದು ಯಾರೂ ಕಾಗದಪತ್ರ ಮಾಡಿಸಲಿಲ್ಲ. ಜನನ ಪತ್ರದಲ್ಲಿ ಇವತ್ತಿಗೂ ಇರುವುದು ನನ್ನ ಹೆಸರು, ಇವರ ಹೆಸರು. ಅದನ್ನು ಬೀರುವಿನಿಂದ ತೆಗೆದು ಆಗಾಗ ನೋಡುತ್ತೇನೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಸ್ಕೂಲಿನವರು ಇಷ್ಟು ದಿನ ತಂದೆ ತಾಯಿ ಎಂದು ಭಾವನ, ನಿನ್ನ ಹೆಸರು ಬರೆದುಕೊಂಡು ಸುಮ್ಮನಿದ್ದರು. ಈಗ ಹತ್ತನೇ ಕ್ಲಾಸಿನ ಪರೀಕ್ಷೆಗೆ ದಾಖಲೆ ಕೇಳುತ್ತಿದ್ದಾರೆ. ಶುಕ್ರವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ದತ್ತು ಪತ್ರಕ್ಕೆ ಸಹಿ ಹಾಕು ಎಂದಿದ್ದೀಯ. ಹಾಕದಿದ್ದರೆ ಆ ಜನನ ಪತ್ರವನ್ನೇ ಕೊಡಬೇಕು, ಅವಳಿಗೆ ಎಲ್ಲ ಗೊತ್ತಾಗುತ್ತದೆ. ಹಾಕಿದರೆ ಜನನ ಪತ್ರದಲ್ಲೂ ನಿಮ್ಮ ಹೆಸರೇ ಬರುತ್ತದೆ, ನಾನು ಅವಳ ತಾಯಿ ಎಂದು ಹೇಳುವ ಒಂದು ಚೂರು ಕಾಗದವೂ ಇರುವುದಿಲ್ಲ. ಬರಲ್ಲ ಎನ್ನಲು ನನಗೆ ಬಾಯಿಲ್ಲ. ಜ್ವರ ಬಂದಾಗ ಅವಳ ಪಕ್ಕ ಕೂತವಳು ನೀನು. ಇವರನ್ನು ಕೇಳಿದರೆ, "ಆಗೋಗಿರೋದು ಕಣೆ, ಸಹಿ ಹಾಕ್ಬುಟ್ಟು ಬಾ" ಎಂದು ಎದ್ದು ಹೋದರು. ನನಗೆ ಏನೂ ತೋಚುತ್ತಿಲ್ಲ, ಅಕ್ಕ.

ನಿನ್ನ ತಂಗಿ,
ಅಮೃತಾ

ಮತ್ತೆ: ಒಂದು ಮಾತು ಮುಚ್ಚಿಟ್ಟಿದ್ದೆ. ಫೋನ್ ಇಡುವ ಮುಂಚೆ ಅವಳು ಕೇಳಿದ್ದು ಇದು: "ತಗೊಂಡೋರು ಅಡಾಪ್ಟ್ ಮಾಡ್ದೋರು, ಸರಿ. ಕೊಟ್ಬುಟ್ಟೋರಿಗೆ ಏನಂತಾರೆ ಚಿಕ್ಕಮ್ಮ?" ನಾನು ಸೆರಗನ್ನು ಬಾಯಿಗೊತ್ತಿ ಹಿಡಿದಿದ್ದೆ, ಸದ್ದೇ ಮಾಡಲಿಲ್ಲ. ಆದರೂ ಅವಳು, "ಅಳ್ಬ್ಯಾಡ ಬಿಡು" ಎಂದಳು. ಅವಳಿಗೆ ಗೊತ್ತಿದೆ, ಅಕ್ಕ. ಶುಕ್ರವಾರ ಬರುತ್ತೇನೆ, ನೀನು ತೋರಿಸಿದ ಕಡೆ ಸಹಿ ಹಾಕುತ್ತೇನೆ. ಅವಳ ಮುಖ ನೋಡು ಎಂದು ಮಾತ್ರ ಹೇಳಬೇಡ.